ಹಿಟ್ಟಿನ ರುಚಿ ನೋಡುವವಳು

ಬೇಕರಿಯವರ ಮನೆಯಲ್ಲಿ ಬ್ರೆಡ್ ತಿನ್ನುವವರು ಯಾರೂ ಇರುವುದಿಲ್ಲ. ಕೇಳಿದವರು ನಗುತ್ತಾರೆ, ನಗಲಿ. ಬೆಳಗಿನಿಂದ ಸಂಜೆಯವರೆಗೆ ಗಲ್ಲಾದ ಹಿಂದೆ ಕೂತು ಅದೇ ವಾಸನೆ ಕುಡಿಯುವ ನನಗೆ ಮನೆಗೆ ಬಂದರೆ ಒಂದು ತುತ್ತು ಅನ್ನ ಸಿಕ್ಕರೆ ಸಾಕು, ಬನ್ನಿನ ಮುಖ ನೋಡುವುದೂ ಬೇಡ. ನಮ್ಮಣ್ಣ ಭಟ್ಟಿಯ ಮುಂದೆ ಅರ್ಧ ಆಯುಷ್ಯ ಕಳೆದವನು, ಒಂದು ರಸ್ಕನ್ನಾದರೂ ಬಾಯಿಗಿಟ್ಟಿದ್ದನ್ನು ನಾನು ಕಂಡಿಲ್ಲ. ಹಾಗಾಗಿ ನಮ್ಮ ಬ್ರೆಡ್ಡಿಗೆ ಉಪ್ಪು ಹೆಚ್ಚಾಗುತ್ತಿದೆ ಎಂಬ ಸುದ್ದಿ ಬೀದಿಗೆಲ್ಲ ಗೊತ್ತಾಗಿ, ಕೊನೆಗೆ ನಮಗೆ ಗೊತ್ತಾಯಿತು.

ಹೇಳಿದವರು ಎದುರು ಸಾಲಿನ ಟೀಚರಮ್ಮ. ಕತ್ತರಿಸಿದ ಬ್ರೆಡ್ಡನ್ನು ಕಾಗದದ ಸಮೇತ ನನ್ನ ಮುಂದಿಟ್ಟು, "ತಪ್ಪು ತಿಳ್ಕೋಬೇಡಿ. ಮೂರ್ನಾಲ್ಕು ದಿನದಿಂದ ಹೇಳೋಣ ಹೇಳೋಣ ಅಂತಿದ್ದೆ. ಇದನ್ನ ಒಂದ್ಸಲ ನೀವೇ ತಿಂದು ನೋಡಿ" ಅಂದರು.

ನನಗೆ ಮೂಗಿನ ತುದಿಯಲ್ಲೇ ಕೋಪ. "ನಮ್ಮಪ್ಪ ನಿಮ್ಮ ಅಜ್ಜನ ಕಾಲದಿಂದ ಹಿಟ್ಟು ನಾದ್ತಿದ್ದಾರೆ ಮೇಡಂ" ಎಂದು ಶುರುಮಾಡಿದವಳು, ಒಂದು ತುಂಡು ಬಾಯಿಗಿಟ್ಟು ಅಲ್ಲಿಗೇ ಸುಮ್ಮನಾದೆ. ಕಡಲ ನೀರು! ಒಳಗಿದ್ದ ಅತ್ತಿಗೆಯನ್ನು ಕರೆದು ತಿನ್ನಿಸಿದೆ. ಅವಳು ಸೆರಗಿಗೆ ಉಗಿದಳು. ಟೀಚರಮ್ಮನಿಗೆ ಬಿಸ್ಕತ್ತಿನ ಪೊಟ್ಟಣ ಕೊಟ್ಟು ಕಳಿಸಿಕೊಟ್ಟೆವು.

ನಮ್ಮಲ್ಲಿ ಉಪ್ಪನ್ನು ತೂಗುವುದಿಲ್ಲ. ಮೈದಾ ತೂಗುತ್ತೇವೆ, ಸಕ್ಕರೆ ತೂಗುತ್ತೇವೆ, ಉಪ್ಪು ಮಾತ್ರ ಅಪ್ಪನ ಹಿಡಿಯಲ್ಲೇ. ನಸುಕಿನಲ್ಲಿ ಎದ್ದು, ತೊಟ್ಟಿಯಲ್ಲಿ ಹಿಟ್ಟು ನಾದಿ, ಉಪ್ಪು ಹಾಕಿ, ಇನ್ನೊಬ್ಬರ ಬಾಯಿಗೆ ಒಂದು ಚೂರು ಹಿಟ್ಟು ಕೊಟ್ಟು "ಹೇಗಿದೆ?" ಅಂತ ಕೇಳುವುದು ಅವರ ಕ್ರಮ. ನಾದಿದವನೇ ರುಚಿ ನೋಡಬಾರದು ಅನ್ನುವುದು ಅವರ ಕಟ್ಟುನಿಟ್ಟು, ತನ್ನ ಕೆಲಸ ತನಗೆ ರುಚಿಯಾಗಿಯೇ ಕಾಣುತ್ತದಂತೆ. ಹಲ್ಲಿನ ಸೆಟ್ಟು ಕಟ್ಟಿಸಿಕೊಂಡ ಮೇಲಂತೂ ಅವರಿಗೆ ಬೆಲ್ಲವೂ ಒಂದೇ, ಬೇವೂ ಒಂದೇ. ಹೀಗಾಗಿ ಅಣ್ಣನ ಮಗಳು ಗುಬ್ಬಿ, ಇನ್ನೂ ಲಂಗ ತೊಡುತ್ತಿದ್ದ ಕಾಲದಿಂದ ತಾತನ ಪಕ್ಕದ ಸ್ಟೂಲಿನ ಮೇಲೆ ಕೂತು ಹಿಟ್ಟು ಚೀಪಿ, "ಸರಿ ತಾತ" ಅಥವಾ "ಸಾಲದು ತಾತ" ಅನ್ನುತ್ತ ಬಂದವಳು. ಈಗ ಕಾಲೇಜಿನ ಎರಡನೇ ವರ್ಷ. ಈಗಲೂ ನಸುಕಿನಲ್ಲಿ ಎದ್ದು, ತೂಕಡಿಸುತ್ತಲೇ ಬಂದು, ಬಾಯಿ ತೆರೆಯುತ್ತಾಳೆ. ಅವಳು "ಸರಿ" ಅಂದ ಮೇಲೆಯೇ ತಾತ ಹಿಟ್ಟಿಗೆ ಒದ್ದೆ ಬಟ್ಟೆ ಮುಚ್ಚುವುದು.

ಆ ದಿನ ಊಟಕ್ಕೆ ಕೂತಾಗ ಅಣ್ಣ ಪಂಚಾಯ್ತಿ ಶುರುಮಾಡಿದ.

"ಅಪ್ಪ, ಉಪ್ಪು ಎಷ್ಟು ಹಾಕ್ತಿದ್ದೀರಿ?"

"ಎಷ್ಟು ಅಂದ್ರೆ? ಹಾಕೋ ಅಷ್ಟು."

"ಹಾಕೋ ಅಷ್ಟು ಹಾಕಿದ್ರೆ ಜನ ಯಾಕೆ ವಾಪಸ್ ತರ್ತಾರೆ?"

ಅಪ್ಪ ತಟ್ಟೆಯಿಂದ ತಲೆ ಎತ್ತಿದರು. "ಗುಬ್ಬಿ ಸಾಲದು ಅಂತಿದ್ಲು. ಅದಕ್ಕೆ ಸ್ವಲ್ಪ ಮುಂದಾಗಿ ಹಾಕ್ತಿದ್ದೆ."

ಅಣ್ಣ ಮಗಳ ಕಡೆ ತಿರುಗಿದ. "ಏನೇ, ಇವತ್ತು ನೀನು ನೋಡಿದಾಗ ಹೇಗಿತ್ತು?"

"ಸರಿಯಾಗೇ ಇತ್ತಪ್ಪ. ಮೊದಲು ಸ್ವಲ್ಪ ಸಪ್ಪೆ ಇತ್ತು, ಹೇಳ್ದೆ. ತಾತ ಹಾಕಿದ್ರು. ಆಮೇಲೆ ಸರಿಹೋಯ್ತು."

"ಕೊನೇಲಿ ಸರಿ ಇತ್ತು ತಾನೇ?"

"ಸರಿ ಇತ್ತು."

ಹುಡುಗಿ ಸುಳ್ಳು ಹೇಳಲಿಲ್ಲ, ನೆನಪಿಡಿ. ಅವಳ ಬಾಯಿಗೆ ಹೇಗೆ ಅನ್ನಿಸಿತ್ತೋ ಹಾಗೆ ಹೇಳಿದಳು. ಆದರೆ ಆ ಮಾತಿನಿಂದ ಅಣ್ಣನ ತಲೆಯಲ್ಲಿ ಲೆಕ್ಕ ಕೂತುಬಿಟ್ಟಿತು. ಇವಳು ರುಚಿ ನೋಡಿ ಸರಿ ಎಂದು ಸ್ನಾನಕ್ಕೆ ಹೋಗುತ್ತಾಳೆ. ಆಮೇಲೆ ಅಪ್ಪ ಉಪ್ಪು ಹಾಕಿದ್ದನ್ನು ಮರೆತು ಮತ್ತೆ ಹಾಕುತ್ತಾರೆ. ವಯಸ್ಸು ಎಂಬತ್ತರ ಹತ್ತಿರ, ಮರೆವು ಬಂದಿದೆ. ಅಷ್ಟೇ. ಇಪ್ಪತ್ತು ವರ್ಷದ ಹುಡುಗಿಯ ನಾಲಿಗೆಯ ಮೇಲೆ ಯಾರಿಗೆ ಅನುಮಾನ ಬರುತ್ತದೆ ಹೇಳಿ?

"ಎರಡು ಸಲ ಹಾಕ್ತಿದ್ದೀರಿ ಅಪ್ಪ. ನಿಮಗೇ ಗೊತ್ತಾಗ್ತಿಲ್ಲ."

"ಇಲ್ಲ ಕಣೋ."

"ಗೊತ್ತಾಗಿದ್ರೆ ಅದು ಮರೆವು ಹೇಗಾಗತ್ತೆ?"

ಅಪ್ಪ ಗುಬ್ಬಿಯ ಮುಖವನ್ನು ಒಮ್ಮೆ ನೋಡಿ, ಅನ್ನ ಕಲಸತೊಡಗಿದರು.

ಅಲ್ಲಿಂದ ಮನೆಯ ಗಾಳಿಯೇ ಬೇರೆಯಾಯಿತು. ಅಪ್ಪ ಮುದುಕನಾದದ್ದು ಆ ಎರಡು ಮೂರು ವಾರಗಳಲ್ಲಿ. ಅಲ್ಲಿಯವರೆಗೆ ಅವರು ಬರೀ ವಯಸ್ಸಾದವರಾಗಿದ್ದರು. ಈಗ ಸ್ನಾನ ಮಾಡಿ ಬಂದು "ನಾನು ಸ್ನಾನ ಮಾಡಿದ್ನಾ?" ಎಂದು ಕೇಳತೊಡಗಿದರು. ಮಾತ್ರೆ ನುಂಗಿದ ಮೇಲೆ ಅದರ ಖಾಲಿ ಪಟ್ಟಿ ತಂದು ನನಗೆ ತೋರಿಸುತ್ತಿದ್ದರು. ಒಂದು ಮಧ್ಯಾಹ್ನ ಗಲ್ಲಾದ ಪಕ್ಕ ಬಂದು ಕೂತು, "ನಿನ್ನ ಹೆಸರು ಎಲ್ಲಾದರೂ ನನಗೆ ತಪ್ಪಿದರೆ, ಎಲ್ಲರ ಮುಂದೆ ನಗಬೇಡ ಕಣಮ್ಮ. ಮೆಲ್ಲಗೆ ಹೇಳು" ಅಂದರು. "ನೀವು ಇಟ್ಟ ಹೆಸರು ನೀವೇ ಮರೀತೀರಾ, ಸುಮ್ನಿರಿ" ಎಂದು ರೇಗಿ ಬಾಯಿ ಮುಚ್ಚಿಸಿದೆ.

ಅಣ್ಣ ಕೆಟ್ಟವನಲ್ಲ. ದಣಿದವನು. ಭಟ್ಟಿಯ ಝಳಕ್ಕೆ ಸುಟ್ಟು ಕರಕಲಾದ ಅವನ ಮುಖ ನೋಡಿದರೆ ಬಯ್ಯಲೂ ಮನಸ್ಸು ಬರುವುದಿಲ್ಲ. ಅಪ್ಪನನ್ನು ಡಾಕ್ಟರ ಹತ್ತಿರವೂ ಕರೆದುಕೊಂಡು ಹೋದ. ವಾಪಸ್ ಬಂದವನು ಚಪ್ಪಲಿ ಬಿಡುವ ಮೊದಲೇ, "ಇವತ್ತು ಯಾವ ವಾರ ಅಂತ ಕೇಳಿದ್ರು. ಇವರು ಏನು ಹೇಳಿದ್ರು ಗೊತ್ತಾ? 'ರಸ್ಕ್ ದಿನ' ಅಂದ್ರು!" ಎಂದ.

"ರಸ್ಕ್ ದಿನಾನೇ ಅಲ್ವಾ?" ಅಪ್ಪ ನನ್ನನ್ನು ಕೇಳಿದರು.

"ಹೌದು, ರಸ್ಕ್ ದಿನಾನೇ" ಅಂದೆ. ವಾರಕ್ಕೆರಡು ದಿನ ನಮ್ಮಲ್ಲಿ ರಸ್ಕ್. ಐವತ್ತು ವರ್ಷದಿಂದ ನಾವು ವಾರಗಳನ್ನು ಕರೆಯುವುದೇ ಹಾಗೆ. ಅದು ಡಾಕ್ಟರಿಗೆ ಹೇಗೆ ಗೊತ್ತಾಗಬೇಕು, ಪಾಪ.

ಮರುದಿನ ಅಣ್ಣ ತಾನೇ ನಸುಕಿನಲ್ಲಿ ಎದ್ದು ತೊಟ್ಟಿಯ ಪಕ್ಕ ಕೈಕಟ್ಟಿ ನಿಂತ. ಅಪ್ಪ ಮಗನ ಕಡೆ ನೋಡುತ್ತಲೇ ಹಾಕಿದ ಉಪ್ಪು ನೆಲಕ್ಕೂ ಚೆಲ್ಲಿತು. ಗುಬ್ಬಿ ಹಿಟ್ಟು ಬಾಯಿಗಿಟ್ಟವಳೇ ಆವತ್ತು ಮೊದಲ ಸಲಕ್ಕೇ "ಸರಿ ತಾತ" ಅಂದುಬಿಟ್ಟಳು. ಹಿಟ್ಟು ಚೆನ್ನಾಗಿ ಉಬ್ಬಿತು. ಬ್ರೆಡ್ಡು ಮೊದಲಿನಂತೆ ಬಂತು. ಟೀಚರಮ್ಮನೇ ಬಂದು "ಇದು ನೋಡಿ ಬ್ರೆಡ್ಡು ಅಂದ್ರೆ" ಎಂದು ಹೊಗಳಿ ಹೋದರು.

ಅಷ್ಟು ಸಾಕಾಯಿತು ಅಣ್ಣನಿಗೆ.

"ನೋಡಿದ್ರಾ? ಯಾರಾದ್ರೂ ಪಕ್ಕದಲ್ಲಿ ನಿಂತ್ರೆ ಸರಿ ಬರತ್ತೆ. ಒಬ್ಬರೇ ಇದ್ರೆ ಮರೀತಾರೆ. ನಾನು ದಿನಾ ಇಲ್ಲಿ ಕಾವಲು ನಿಂತ್ರೆ ಭಟ್ಟಿ ಯಾರು ನೋಡೋದು? ಮುಂದಿನ ವಾರದಿಂದ ನಾದೋಕೆ ಒಬ್ಬ ಮೇಸ್ತ್ರಿ ಬರ್ತಾನೆ. ನೀವು ಆರಾಮಾಗಿ ಮನೇಲಿರಿ ಅಪ್ಪ."

"ಮನೇಲಿ ಏನು ಮಾಡ್ಲಿ?"

"ಏನೂ ಮಾಡಬೇಡಿ. ಅದಕ್ಕೇ ಅಲ್ವಾ ಹೇಳ್ತಿರೋದು."

ಅಪ್ಪ ಕಟ್ಟಿಕೊಂಡಿದ್ದ ಏಪ್ರನ್ ಬಿಚ್ಚಿ, ಮಡಚಿ, ಮತ್ತೆ ಬಿಚ್ಚಿ, ಮತ್ತೆ ಮಡಚಿದರು. ಗುಬ್ಬಿ ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ಅವಳ ಮುಖ ಬಿಳಿಚಿಕೊಂಡಿತ್ತು. ತಾತನ ಮೇಲಿನ ಪ್ರೀತಿ ಅಂದುಕೊಂಡೆ ನಾನು.

ನನಗೆ ಸುಳಿವು ಸಿಕ್ಕಿದ್ದು ಲವಂಗದಿಂದ. ಕೇಕಿಗೆಂದು ತಂದಿಟ್ಟ ಲವಂಗದ ಡಬ್ಬಿ ದಿನೇದಿನೇ ಇಳಿಯುತ್ತಿತ್ತು. ನಮ್ಮ ಮನೆಯ ಇಲಿಗಳು ಮೈದಾ ತಿನ್ನುತ್ತವೆ, ಲವಂಗ ತಿಂದು ಬಾಯಿ ಘಮಘಮ ಮಾಡಿಕೊಳ್ಳುವಷ್ಟು ಸೊಗಸುಗಾರರಲ್ಲ. ಗುಬ್ಬಿಯ ಕೆನ್ನೆಯಲ್ಲಿ ಯಾವಾಗಲೂ ಏನೋ ಇರುತ್ತಿತ್ತು. ಒಂದು ಸಂಜೆ ತಾರಸಿಯ ಮೇಲೆ ಟ್ರೇ ಒರೆಸುವ ಬಟ್ಟೆಗಳನ್ನು ತೆಗೆಯುತ್ತಿದ್ದಾಗ ಕಾಲೇಜಿನಿಂದ ಬಂದವಳು ನೇರ ಮೇಲೆ ಬಂದಳು. ಹತ್ತಿರ ಕರೆದು ಅವಳ ಜಡೆ ಹಿಡಿದು ಮೂಸಿದೆ.

"ಇದು ನಿಮ್ಮಪ್ಪನ ವಾಸನೆ ಅಂತ ಹೇಳಬೇಡ. ಅವನು ಭಟ್ಟಿ ಹಿಂದೆ ಸೇದೋದು ಬೇರೆ ಬ್ರಾಂಡು."

ತಪ್ಪಿಸಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಅವಳು ಅಲ್ಲೇ ನೀರಿನ ಟ್ಯಾಂಕಿಗೆ ಒರಗಿ ಕುಸಿದು ಕೂತಳು.

"ಅತ್ತೆ, ತಾತ ಎರಡು ಸಲ ಹಾಕಿಲ್ಲ" ಅಂದಳು.

ನನಗೆ ಸಿಗರೇಟಿಗೂ ಉಪ್ಪಿಗೂ ಎತ್ತಣ ಸಂಬಂಧ ಎಂದು ಹೊಳೆಯಲೇ ಇಲ್ಲ. ಅವಳೇ ಬಿಡಿಸಿ ಹೇಳಿದಳು. ಅಣ್ಣ ತೊಟ್ಟಿಯ ಪಕ್ಕ ನಿಂತದ್ದಕ್ಕೆ ಹಿಂದಿನ ದಿನ ಗೆಳತಿಗೆ ಬನ್ನು ಕೊಟ್ಟಿದ್ದಳಂತೆ. ಅವಳು ಕಚ್ಚಿ ಥೂ ಎಂದು ಉಗಿದು, "ಉಪ್ಪಿನ ಡಬ್ಬ ಬಿತ್ತೇನೇ ಇದಕ್ಕೆ?" ಅಂದಳಂತೆ. ಇವಳು ಅದೇ ಬನ್ನಿನ ಇನ್ನರ್ಧ ತಿನ್ನುತ್ತಿದ್ದಳು. ಇವಳಿಗೆ ಏನೂ ಅನ್ನಿಸಿರಲಿಲ್ಲ.

"ಅವತ್ತು ಗೊತ್ತಾಯ್ತು ಅತ್ತೆ, ಸಿಗರೇಟು ಸೇದಿ ಕೆಟ್ಟಿರೋದು ನನ್ನ ಬಾಯಿ ಅಂತ. ಅಲ್ಲಿವರೆಗೆ ತಾತನ ಹಿಡೀನೇ ಚಿಕ್ಕದಾಗ್ತಿದೆ ಅಂದ್ಕೊಂಡಿದ್ದೆ. ಅಪ್ಪ ನಿಂತಿದ್ರಲ್ಲ, ಅವತ್ತು ಹಿಟ್ಟು ನನಗೆ ಸಪ್ಪೇನೇ ಇತ್ತು. ಇದ್ರೂ ಸರಿ ಅಂದೆ. ಬ್ರೆಡ್ಡು ಸರಿಬಂದ್ರೆ ಎಲ್ಲಾ ಮುಗಿಯತ್ತೆ ಅಂದ್ಕೊಂಡೆ."

"ಮುಗೀತಲ್ಲ, ಚೆನ್ನಾಗಿ ಮುಗೀತು! ಮುದುಕನ್ನ ಮನೇಲಿ ಕೂರಿಸೋ ಹಾಗಾಯ್ತು." ನನ್ನ ಕೈ ಎದ್ದಿತ್ತು. ಅವಳ ಮುಖ ನೋಡಿ ಇಳಿಸಿದೆ. "ಏನು ಬಂದಿತ್ತೇ ನಿನಗೆ? ಊಟಕ್ಕೆ ಕಡಿಮೆಯಾಗಿತ್ತಾ, ಬಟ್ಟೆಗೆ ಕಡಿಮೆಯಾಗಿತ್ತಾ?"

"ಕಾಲೇಜಲ್ಲಿ ನನ್ನ ಏನಂತ ಕರೀತಾರೆ ಗೊತ್ತಾ? ಬನ್ನಮ್ಮ."

ನನಗೆ ನಗು ಬಂತು, ನುಂಗಿಕೊಂಡೆ.

"ನಗಬೇಡ ಅತ್ತೆ. ಎಷ್ಟು ಸೋಪು ಹಾಕಿದ್ರೂ ನನ್ನ ತಲೇಲಿ ಈಸ್ಟಿನ ವಾಸನೆ ಹೋಗಲ್ಲ. ನಾನು ಕ್ಲಾಸಿಗೆ ಹೋದ್ರೆ ಹಿಂದಿನ ಬೆಂಚಿನವರು ಮೂಗೆಳೆದು, 'ಓಹೋ, ಬಿಸಿಬಿಸಿ ಬಂತು' ಅಂತಾರೆ. ಪಕ್ಕದಲ್ಲಿ ಕೂರೋರು ಬ್ಯಾಗ್ ಅಡ್ಡ ಇಡ್ತಾರೆ. ಮೊದಲ ವರ್ಷ ಪೂರ್ತಿ ಒಬ್ಬಳೇ ಊಟ ಮಾಡ್ದೆ. ಆಮೇಲೆ ಲೈಬ್ರರಿ ಹಿಂದಿನ ಮೆಟ್ಟಿಲ ಹತ್ರ ಕೂರೋರು ಒಂದಿನ 'ಬಾ, ಕೂತ್ಕೋ' ಅಂದ್ರು. ಅಷ್ಟೇ ಅತ್ತೆ. ಬಾ ಕೂತ್ಕೋ ಅಂದ್ರು. ಕೈಗೆ ಕೊಟ್ರು, ಸೇದಿದೆ. ತಲೆ ತಿರುಗಿ ವಾಂತಿ ಬಂತು. ಎಲ್ಲರೂ ನಕ್ಕರು. ಆದ್ರೆ ಅದು ಬೇರೆ ಥರದ ನಗು. ತಮಗೂ ಮೊದಲನೇ ಸಲ ಹಾಗೇ ಆಗಿತ್ತು ಅಂತ ಹೇಳಿ ನಕ್ಕರು. ಅಲ್ಲಿ ಯಾರೂ ನನ್ನ ಬನ್ನಮ್ಮ ಅನ್ನಲ್ಲ. ಹೊಗೆ ವಾಸನೆ ಬಂದ್ರೆ ಹಿಟ್ಟಿನ ವಾಸನೆ ಬರಲ್ಲ."

"ಈಗ ಬಿಡು ಮತ್ತೆ. ಸ್ನೇಹಿತರು ಸಿಕ್ಕಿದ್ರಲ್ಲ."

"ಬಿಡಬೇಕು ಅಂತಾನೇ ಬೆಳಿಗ್ಗೆ ಹೋಗ್ತೀನಿ. ಪರೀಕ್ಷೆ ಹತ್ರ ಬಂದಿದೆ, ತಲೆ ಸಿಡಿಯತ್ತೆ. ಎಲ್ಲರೂ ಹಚ್ತಾರೆ, ನಾನೊಬ್ಬಳೇ ಕೈ ಕಟ್ಕೊಂಡು ಕೂರ್ಲಾ? ಸಂಜೆ ಬರೋ ಹೊತ್ತಿಗೆ ಮತ್ತೆ ಲವಂಗ."

ಕೆನ್ನೆಗೆ ಎರಡು ಬಾರಿಸಬೇಕೆಂದೂ ಅನ್ನಿಸಿತು, ಎದೆಗವಚಿಕೊಳ್ಳಬೇಕೆಂದೂ ಅನ್ನಿಸಿತು. ಒಂದು ವರ್ಷ ಇವಳು ಒಬ್ಬಳೇ ಕೂತು ಉಂಡಿದ್ದಾಳೆ. ನಾವು ದಿನವೂ ಡಬ್ಬಿ ತೊಳೆದಿಡುತ್ತಿದ್ದೆವು, ಯಾರ ಜೊತೆ ಉಂಡೆ ಎಂದು ಒಬ್ಬರೂ ಕೇಳಲಿಲ್ಲ.

"ತಾತನಿಗೆ ಹೇಳು" ಅಂದೆ.

"ಅಪ್ಪ ಕಾಲೇಜು ಬಿಡಿಸ್ತಾರೆ."

"ಬಿಡಿಸಬಹುದು."

"ಅತ್ತೆ!"

"ನಿನ್ನ ಕಾಲೇಜು ದೊಡ್ಡದು, ಇಲ್ಲ ಅನ್ನಲ್ಲ. ಆದ್ರೆ ಅಲ್ಲಿ ಕೆಳಗೆ ಒಬ್ರು ತಮ್ಮ ತಲೇನೇ ತಾವು ನಂಬ್ತಿಲ್ಲ ಕಣೇ. ಮೇಸ್ತ್ರಿ ಬರೋದ್ರೊಳಗೆ ನೀನು ಹೇಳು. ಇಲ್ಲದಿದ್ರೆ ನಾನು ಹೇಳ್ತೀನಿ. ನನ್ನ ಬಾಯಿ ನಿನಗೆ ಗೊತ್ತಲ್ಲ, ಒಂದಕ್ಕೆ ನಾಲ್ಕು ಸೇರಿಸಿ ಹೇಳ್ತೀನಿ."

ಎರಡು ದಿನ ಅವಳು ಹೇಳಲಿಲ್ಲ. ನಾನು ಊಟಕ್ಕೆ ಬಡಿಸುವಾಗಲೆಲ್ಲ ಸೌಟಿನಿಂದ ಪಾತ್ರೆಗೆ ಜೋರಾಗಿ ಬಡಿದೆ, ಕಣ್ಣು ಬಿಟ್ಟೆ, ಕೆಮ್ಮಿದೆ. ಅತ್ತಿಗೆ "ನಿಮಗೆ ಶೀತವಾ?" ಎಂದು ಕೇಳಿದಳು. ಮೂರನೆಯ ಸಂಜೆ ಅಣ್ಣ ಊಟದ ಮಧ್ಯೆ, "ಮೇಸ್ತ್ರಿ ನಾಳೆ ಬಂದು ತೊಟ್ಟಿ ನೋಡ್ಕೊಂಡು ಹೋಗ್ತಾನಂತೆ. ಅಪ್ಪ, ಈಸ್ಟು ಎಲ್ಲಿಡ್ತೀರಿ, ಏನು ಎತ್ತ ಅಂತ ಅವನಿಗೆ ಸ್ವಲ್ಪ ಹೇಳಿಕೊಡಿ" ಅಂದ.

"ನನಗೆ ನೆನಪಿರೋದನ್ನ ಹೇಳ್ತೀನಿ" ಅಂದರು ಅಪ್ಪ. "ತಪ್ಪಿದ್ರೆ ಗುಬ್ಬೀನ ಕೇಳಲಿ."

ಗುಬ್ಬಿ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು.

"ತಾತ, ನಿಮಗೆ ಮರೆವಿಲ್ಲ. ನೀವು ಎರಡು ಸಲ ಹಾಕೇ ಇಲ್ಲ. ಸರಿ ಇದ್ದಿದ್ದಕ್ಕೆ ನಾನೇ ಸಾಲದು, ಸಾಲದು ಅಂತ ಹಾಕಿಸ್ತಿದ್ದೆ. ನನ್ನ ನಾಲಿಗೆಗೆ ಉಪ್ಪು ಗೊತ್ತಾಗ್ತಿಲ್ಲ. ನಾನು ಸಿಗರೇಟು ಸೇದ್ತೀನಿ."

ಅತ್ತಿಗೆಯ ಕೈಯಿಂದ ಲೋಟ ಜಾರಿತು. ಅಣ್ಣನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಎಂಜಲು ಕೈಯಲ್ಲೇ ಎದ್ದು ನಿಂತ.

"ಏನಂದೆ? ಇನ್ನೊಂದ್ಸಲ ಹೇಳು. ಏನಂದೆ?"

"ಅಯ್ಯೋ, ಹೆಣ್ಣುಮಗು ಕಣೇ ನೀನು!" ಎಂದು ಅತ್ತಿಗೆ ಹಲುಬತೊಡಗಿದಳು. "ಯಾರಾದ್ರೂ ಕೇಳಿದ್ರೆ ಏನಂತಾರೆ? ನಾಳೆ ನಿನ್ನ ಯಾರು ಮನೆಗೆ ಸೇರಿಸ್ಕೊಳ್ತಾರೆ?"

"ಗಂಡುಮಗು ಆಗಿದ್ರೆ ಉಪ್ಪು ಗೊತ್ತಾಗ್ತಿತ್ತಾ ಅತ್ತಿಗೆ?" ಅಂದೆ ನಾನು.

"ನೀನು ಸುಮ್ನಿರು!" ಅಣ್ಣ ನನ್ನ ಮೇಲೆ ಹಾರಿದ. "ನಾಳೆಯಿಂದ ಕಾಲೇಜು ಬೇಡ, ಏನೂ ಬೇಡ. ಮನೇಲಿ ಬಿದ್ದಿರಲಿ. ಇಷ್ಟು ದಿನ ಮನೆಯವರ ಕಣ್ಣಿಗೆ ಮಣ್ಣೆರಚಿದ್ದಾಳೆ. ಸಿಗರೇಟು ಸೇದ್ತಾಳಂತೆ, ಸಿಗರೇಟು!"

"ನೀನು ಭಟ್ಟಿ ಹಿಂದೆ ಹೋಗಿ ಏನು ಮಾಡ್ತೀಯಣ್ಣ, ಗಾಳಿ ಕುಡೀತೀಯಾ?"

ಅವನು ಮಗಳ ಕಡೆ ಕೈ ಎತ್ತಿದ. ಗುಬ್ಬಿ ಸರಿಯಲಿಲ್ಲ. ಕಣ್ಣಲ್ಲಿ ಹನಿ ನೀರಿಲ್ಲದೆ ಗಟ್ಟಿಯಾಗಿ ಕೂತಿದ್ದಳು, ಹೊಡೆದರೆ ಹೊಡೆಯಲಿ ಎನ್ನುವ ಹಾಗೆ.

"ಕೈ ಇಳಿಸು" ಅಂದರು ಅಪ್ಪ.

ಜೋರಾಗಿ ಹೇಳಲಿಲ್ಲ. ಆದರೆ ಎಷ್ಟೋ ದಿನಗಳ ಮೇಲೆ ಅದು ಅಪ್ಪನ ದನಿಯಾಗಿತ್ತು. ಅಣ್ಣ ಕೈ ಇಳಿಸಿದ.

ಅಪ್ಪ ಮೊಮ್ಮಗಳ ಕಡೆ ಬಾಗಿದರು. "ಎರಡು ಸಲ ಹಾಕಿಲ್ವಾ ನಾನು?"

"ಇಲ್ಲ ತಾತ."

"ನೀನು ಸಾಲದು ಅಂತ ದಿನಾ ಅಂದದ್ದು ನಿಜ ತಾನೇ? ಕನಸಲ್ಲ?"

"ನಿಜ ತಾತ. ದಿನಾ ಅಂದಿದ್ದೆ."

"ನನಗೆ ನೆನಪಿತ್ತು!" ಅಪ್ಪ ತೊಡೆಗೆ ಬಡಿದುಕೊಂಡರು. "ನೆನಪಿತ್ತು ಕಣ್ರೋ! ಎಲ್ಲರೂ ಇಲ್ಲ ಅಂದ್ರೆ ನಾನೇನು ಮಾಡ್ಲಿ, ಇಲ್ಲ ಅಂತಾನೇ ಅಂದ್ಕೊಂಡೆ." ಅವರು ನಗುತ್ತಿದ್ದರು, ಕಣ್ಣಿಂದ ನೀರು ಇಳಿಯುತ್ತಿತ್ತು, ಹಲ್ಲಿನ ಸೆಟ್ಟು ಸಡಿಲವಾಗಿ ಮಾತು ತೊದಲುತ್ತಿತ್ತು. ನನ್ನನ್ನು ಬೊಟ್ಟು ಮಾಡಿ ಹೆಸರು ಹಿಡಿದು ಕರೆದರು, ಅತ್ತಿಗೆಯನ್ನು ಕರೆದರು, ಐವತ್ತು ವರ್ಷದ ಹಿಂದೆ ನಮಗೆ ಮೊದಲ ಮೂಟೆ ಮೈದಾ ಕೊಟ್ಟ ಅಂಗಡಿಯವನ ಹೆಸರನ್ನೂ ಹೇಳಿದರು. ನಾನು ಅತ್ತುಬಿಟ್ಟೆ, ಅದರಲ್ಲಿ ಮುಚ್ಚುಮರೆ ಏನು.

ಆಮೇಲೆ ಅವರು ಗುಬ್ಬಿಯ ತಲೆಯ ಮೇಲೆ ಕೈಯಿಟ್ಟರು. "ನೀನು ಹೇಳದೇ ಇದ್ದಿದ್ರೆ, ಇನ್ನು ಸ್ವಲ್ಪ ದಿನಕ್ಕೆ ನಾನು ನಿಜವಾಗ್ಲೂ ಮರೆಯೋಕೆ ಶುರುಮಾಡ್ತಿದ್ದೆ ಮಗಳೇ."

ಅಣ್ಣ ತಲೆ ತಗ್ಗಿಸಿ ಕೂತಿದ್ದ. "ಮೇಸ್ತ್ರಿಗೆ ಬರಬೇಡ ಅಂತ ಹೇಳ್ತೀನಿ" ಎಂದ, ಯಾರಿಗೆಂದಿಲ್ಲದೆ.

"ಹೇಳು. ಇವಳು ಕಾಲೇಜಿಗೆ ಹೋಗ್ತಾಳೆ, ಅದರ ಮಾತು ಇನ್ನು ಈ ಮನೇಲಿ ಬೇಡ" ಅಂದರು ಅಪ್ಪ.

ಗುಬ್ಬಿಯ ಮುಖದಲ್ಲಿ ಆಗ ಸ್ವಲ್ಪ ರಕ್ತ ಓಡಾಡಿತು. "ತಾತ, ಬೆಳಿಗ್ಗೆ ನಾನು ಬೇಗ ಎದ್ದು ಬರ್ತೀನಿ" ಎಂದಳು.

"ಬೇಡ, ಮಲಗಿರು. ರುಚಿ ನಿನ್ನತ್ತೆ ನೋಡ್ತಾಳೆ."

ಅವಳಿಗೆ ತಿಳಿಯಲಿಲ್ಲ. "ನಾನು ಪಕ್ಕದಲ್ಲಿ ಸುಮ್ನೆ ಕೂತಿರ್ತೀನಿ."

"ಬೇಡಮ್ಮ. ಹೊಗೆ ಕುಡಿಯೋರು ತೊಟ್ಟಿ ಹತ್ರ ಬರೋದು ಬೇಡ."

"ಬಿಟ್ಬಿಡ್ತೀನಿ ತಾತ. ಖಂಡಿತ ಬಿಡ್ತೀನಿ."

"ಬಿಡು. ಬಿಟ್ಟ ಮೇಲೆ ಬಾ." ಅಪ್ಪ ಅವಳ ತಲೆಯಿಂದ ಕೈ ತೆಗೆಯಲಿಲ್ಲ. ಕಣ್ಣು ಮಾತ್ರ ಅಣ್ಣನ ಕಡೆ ಹೋಯಿತು. "ನಿಮ್ಮಪ್ಪಾನೂ ನಿನ್ನ ವಯಸ್ಸಲ್ಲಿ ನನ್ನ ಪಕ್ಕ ಕೂತು ರುಚಿ ನೋಡ್ತಿದ್ದ. ಒಳ್ಳೆ ನಾಲಿಗೆ ಅವನದು. ಅವನಿಗೂ ಇದೇ ಮಾತು ಹೇಳಿದ್ದೆ. ಬಿಟ್ಟು ಬರ್ತೀನಿ ಅಂತ ಹೇಳಿ ಭಟ್ಟಿ ಕಡೆ ಹೋದ. ನಾನು ಇನ್ನೂ ಕಾಯ್ತಾ ಇದ್ದೀನಿ."

ಅಣ್ಣನಿಗೆ ಭಟ್ಟಿಯೇ ಇಷ್ಟ ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಅವನು ಎದ್ದು ಹೋಗಲಿಲ್ಲ. ಒಣಗಿದ ಎಂಜಲು ಕೈಯನ್ನು ಮಡಿಲಲ್ಲಿಟ್ಟುಕೊಂಡು ಮಗಳನ್ನು ನೋಡುತ್ತ ಕೂತ.

ಅಣ್ಣ ಬೈದಾಗ, ಅತ್ತಿಗೆ ಹಲುಬಿದಾಗ ಬಾರದ ಅಳು ಗುಬ್ಬಿಗೆ ಈಗ ಬಂತು. ಚಿಕ್ಕ ಮಕ್ಕಳಂತೆ ಬಾಯಿಬಿಟ್ಟು ಅತ್ತಳು. ತಾತ ಅವಳ ಬೆನ್ನು ಸವರುತ್ತಲೇ ಇದ್ದರು, ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.